ಅಂಚಿನ ಕಲ್ಲಿನ ಜಗಳ

ನಮ್ಮ ಮೆಟ್ರೊ ಹತ್ತಿದವರೆಲ್ಲ ನಿಲ್ದಾಣದ ನೆಲದಲ್ಲಿ ಆ ಹಳದಿ ಟೈಲ್ಸ್ ಸಾಲನ್ನು ನೋಡಿರುತ್ತಾರೆ. ಕೆಲವದರ ಮೇಲೆ ಉದ್ದುದ್ದ ಗೆರೆ, ಕೆಲವದರ ಮೇಲೆ ಗುಂಡು ಗುಂಡಾದ ಉಬ್ಬು. ಗೆರೆಯೆಂದರೆ ‘ನಡೆಯುತ್ತಿರು’, ಉಬ್ಬೆಂದರೆ ‘ನಿಲ್ಲು, ಮುಂದೆ ಏನೋ ಇದೆ’. ಕಣ್ಣು ಕಾಣದವರು ಅದನ್ನು ಕೋಲಿನ ತುದಿಯಿಂದಲೂ ಅಂಗಾಲಿನಿಂದಲೂ ಓದುತ್ತಾರೆ. ಉಳಿದ ನಾವು ಅದರ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ಫೋನ್ ನೋಡುತ್ತಿರುತ್ತೇವೆ.

ಈ ಉಬ್ಬು ಮೊದಲು ನೆಲಕ್ಕಿಳಿದದ್ದು ರೈಲು ನಿಲ್ದಾಣದಲ್ಲಲ್ಲ, ರಸ್ತೆಗಳು ಕೂಡುವ ಜಾಗದಲ್ಲಿ. ಜಪಾನಿನ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯೊಂದರ ಹತ್ತಿರದ ಕ್ರಾಸಿಂಗಿನಲ್ಲಿ, 1967ರ ಮಾರ್ಚ್ 18ರಂದು 230 ಹಾಸುಬಿಲ್ಲೆಗಳನ್ನು ಕೂರಿಸಿದರು. ಮಾಡಿಸಿದವರು ಸೇಯಿಚಿ ಮಿಯಾಕೆ. ಅವರು ಎಂಜಿನಿಯರೂ ಅಲ್ಲ, ನಗರಸಭೆಯವರೂ ಅಲ್ಲ, ವಸತಿಗೃಹ ನಡೆಸಿಕೊಂಡಿದ್ದವರು. ಗೆಳೆಯರೊಬ್ಬರ ಕಣ್ಣಿನ ದೃಷ್ಟಿ ಹೋಗುತ್ತಿದ್ದುದನ್ನು ಕಂಡು, ಕಾಲಿಗೆ ತಿಳಿಯುವಂಥ ನೆಲವನ್ನು ಮಾಡಬಹುದೆ ಎಂದು ಯೋಚಿಸಿ, 1965ರಲ್ಲಿ ಕೈಯಿಂದ ದುಡ್ಡು ಹಾಕಿ ಈ ಬಿಲ್ಲೆಯನ್ನು ರೂಪಿಸಿದರು. ಜಗತ್ತಿನ ಅರ್ಧ ಊರುಗಳಿಗೆ ಹಬ್ಬಿದ ಈ ವಸ್ತುವಿಗೆ ಜಪಾನ್ ತನ್ನದೇ ರಾಷ್ಟ್ರೀಯ ಮಾನಕವನ್ನು ಗೊತ್ತುಮಾಡಿದ್ದು 2001ರಲ್ಲಿ. ಅಷ್ಟರಲ್ಲಿ ಮಿಯಾಕೆ ತೀರಿಕೊಂಡು ಎರಡು ದಶಕವಾಗುತ್ತ ಬಂದಿತ್ತು.

ಒಂದು ಸರ್ಕಲ್ಲನ್ನು ‘ಅಭಿವೃದ್ಧಿ’ ಮಾಡುವ ಕಡತ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುವುದಿಲ್ಲ. ಅದು ಶುರುವಾಗುವುದು ವಾಹನಗಳ ಎಣಿಕೆಯಿಂದ. ನಮ್ಮಲ್ಲಿ ಈ ಎಣಿಕೆಗೆ ಪಿ.ಸಿ.ಯು. ಎಂಬ ಅಳತೆ ಇದೆ: ಎಲ್ಲ ವಾಹನವನ್ನೂ ‘ಎಷ್ಟು ಕಾರಿಗೆ ಸಮ’ ಎಂದು ಲೆಕ್ಕ ಹಾಕುವುದು. ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ಗ್ರಾಮೀಣ ರಸ್ತೆಗಳಿಗಾಗಿ ಕೊಟ್ಟ ಕೋಷ್ಟಕದಲ್ಲಿ ಸೈಕಲ್ ಅರ್ಧ ಕಾರು, ದೊಡ್ಡ ಎತ್ತಿನ ಗಾಡಿ ಎಂಟು ಕಾರು. (ಎತ್ತುಗಳಿಗೆ ಇಷ್ಟು ಗೌರವ ಬೇರೆ ಯಾವ ಸರ್ಕಾರಿ ಪುಸ್ತಕದಲ್ಲೂ ಸಿಕ್ಕಿರಲಾರದು.) ನಡೆಯುವ ಮನುಷ್ಯ ಈ ಪಟ್ಟಿಯಲ್ಲಿ ಇಲ್ಲ. ಅವನಿಗೆ ಬೇರೆ ಪುಸ್ತಕವಿದೆ, ನಿಜ. ಆದರೆ ರಸ್ತೆ ಅಗಲ ಎಷ್ಟಿರಬೇಕು, ಸಿಗ್ನಲ್ ಎಷ್ಟು ಸೆಕೆಂಡು, ಮೇಲ್ಸೇತುವೆ ಬೇಕೆ ಎಂಬ ದೊಡ್ಡ ಪ್ರಶ್ನೆಗಳು ತೀರ್ಮಾನವಾದ ಮೇಲೆ ಆ ಪುಸ್ತಕ ತೆರೆಯುತ್ತದೆ. ಆಗ ಉಳಿದಿರುವುದು ಸ್ಕೈವಾಕ್ ಒಂದೇ. ‘ಸಿಗ್ನಲ್ ಫ್ರೀ’ ಎಂದು ಬೆಂಗಳೂರು ಹೆಮ್ಮೆಯಿಂದ ಕರೆದುಕೊಂಡ ರಸ್ತೆಗಳಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿ ಆಚೆ ಬದಿಯ ಬಸ್ ಸ್ಟಾಪಿಗೆ ಹೋಗಲು ಎರಡು ಮಹಡಿ ಹತ್ತಿ ಇಳಿಯಬೇಕು.

ವಾಹನಗಳ ಎಣಿಕೆ ಬಿಟ್ಟು ಬೇರೊಂದು ಎಣಿಕೆಯಿಂದ ಶುರುಮಾಡಿದ ದೇಶ ನೆದರ್‌ಲ್ಯಾಂಡ್ಸ್. ಅಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಹೀಗೆ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಮರುವರ್ಷ ತಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಅದರ ಮಾತೇ ಒಂದು ಚಳವಳಿಯ ಹೆಸರಾಯಿತು. ಅಪಘಾತ ಎಂಬ ಪದವನ್ನು ಬಿಟ್ಟು ಕೊಲೆ ಎಂಬ ಪದ ಹಿಡಿದದ್ದರಲ್ಲಿ ಆ ತಂದೆಯ ಸಿಟ್ಟಿದೆ. ಜನ ರಸ್ತೆಗಳನ್ನು ಅಡ್ಡಗಟ್ಟಿ ಕೂತರು, ಮಕ್ಕಳನ್ನು ಅಲ್ಲೇ ಆಡಲು ಬಿಟ್ಟರು. ಡೆಲ್ಫ್ಟ್ ಮುಂತಾದ ಊರುಗಳಲ್ಲಿ ಆಗಲೇ ‘ವೂನ್‌ಎರ್ಫ್’ ಎಂಬ ಪ್ರಯೋಗ ನಡೆದಿತ್ತು. ವಾಸದ ಅಂಗಳ ಎನ್ನಬಹುದು: ಮನೆಗಳ ಮುಂದಿನ ಬೀದಿ ಅಂಗಳದಂತಿರಬೇಕು, ಕಾರು ಅಲ್ಲಿಗೆ ನೆಂಟನಾಗಿ ಬರಬೇಕು. ಫುಟ್‌ಪಾತಿನ ಅಂಚಿನ ಕಲ್ಲನ್ನು ಕಿತ್ತು ಬೀದಿಯನ್ನೆಲ್ಲ ಒಂದೇ ಮಟ್ಟ ಮಾಡಿದರು. 1976ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು.

ಈ ಅಂಗಳವನ್ನು ಗಲ್ಲಿಯಿಂದ ದೊಡ್ಡ ಸರ್ಕಲ್ಲಿಗೆ ತಂದವರು ಹಾನ್ಸ್ ಮೊಂಡರ್‌ಮನ್ (1945–2008), ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ರಸ್ತೆ ಸುರಕ್ಷತೆಯ ಅಧಿಕಾರಿ. ಔದೆಹಾಸ್ಕೆ ಎಂಬ ಹಳ್ಳಿಯಲ್ಲಿ ಕಾರುಗಳು ಮಕ್ಕಳನ್ನು ಬಲಿ ತೆಗೆದುಕೊಂಡ ಮೇಲೆ ಅವರು ಹಂಪು, ಬೋರ್ಡು ಯಾವುದನ್ನೂ ಹಾಕಿಸದೆ, ರಸ್ತೆಯನ್ನೇ ಹಳ್ಳಿಯಂತೆ ಕಾಣುವ ಹಾಗೆ ಮಾಡಿದರು. ಕಾರುಗಳು ತಾವಾಗಿ ನಿಧಾನವಾದವು. ಡ್ರೈವರನಿಗೆ ತಾನು ಎಲ್ಲಿದ್ದೇನೆ ಎಂಬುದು ತಿಳಿದರೆ ಹೇಗೆ ನಡೆದುಕೊಳ್ಳಬೇಕು ಎಂಬುದೂ ತಿಳಿಯುತ್ತದೆ ಎಂದು ಅವರು ನಂಬಿದ್ದರು. ದೇವಸ್ಥಾನದಲ್ಲಿ ‘ಓಡಬೇಡಿ’ ಎಂದು ಬೋರ್ಡು ಹಾಕುವುದಿಲ್ಲವಲ್ಲ, ಹಾಗೆ.

ಅವರ ಹೆಸರನ್ನು ಲೋಕಕ್ಕೆ ಮುಟ್ಟಿಸಿದ್ದು ದ್ರಾಖ್ಟನ್ ಪಟ್ಟಣದ ಲಾವೈಪ್ಲೈನ್ ವೃತ್ತ. ದಿನಕ್ಕೆ ಸುಮಾರು 22,000 ವಾಹನ, ಜೊತೆಗೆ ಸಾವಿರಾರು ಸೈಕಲ್ಲು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿನ ಸಿಗ್ನಲ್ ದೀಪ ತೆಗೆದು, ಪಕ್ಕದ ರಂಗಮಂದಿರದ ಮುಂದಿನ ಬಯಲನ್ನೂ ಸೇರಿಸಿಕೊಂಡು, ನಡುವೆ ಹುಲ್ಲಿನ ದಿಬ್ಬ ಮತ್ತು ಕಾರಂಜಿಗಳಿದ್ದ ಚೌಕವಾಗಿ ಮಾರ್ಪಡಿಸಿದರು. ಸಂಚಾರ ಹೆಚ್ಚಾದಷ್ಟೂ ಕಾರಂಜಿಯ ನೀರು ಎತ್ತರ ಚಿಮ್ಮುವ ಏರ್ಪಾಟು ಬೇರೆ. ಅಪಘಾತ ಕಡಿಮೆಯಾಯಿತು, ಬಸ್ಸುಗಳು ಬೇಗ ದಾಟತೊಡಗಿದವು. ಸೈಕಲ್ಲಿನವರು ಕೈ ಚಾಚಿ ದಿಕ್ಕು ತೋರಿಸುವುದು ಹೆಚ್ಚಾಯಿತು, ಏಕೆಂದರೆ ಈಗ ಪರಸ್ಪರ ಹೇಳಿಕೊಳ್ಳದೆ ವಿಧಿಯಿರಲಿಲ್ಲ. ಮೊಂಡರ್‌ಮನ್ ನೋಡಲು ಬಂದ ಪತ್ರಕರ್ತರೊಡನೆ ಮಾತಾಡುತ್ತಾ ಬೆನ್ನು ಮುಂದಾಗಿ ಆ ಸಂಚಾರದೊಳಕ್ಕೆ ನಡೆದುಬಿಡುತ್ತಿದ್ದರು. ಕಾರುಗಳು ನಿಲ್ಲುತ್ತಿದ್ದವು.

ಆ ನಡಿಗೆಯ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಸಣ್ಣ ತಕರಾರೂ ಇದೆ. ಇಡೀ ಯೋಜನೆ ನಿಂತಿದ್ದದ್ದು ಕಣ್ಣಿಗೆ ಕಣ್ಣು ಕೂಡುವುದರ ಮೇಲೆ. ನೀನು ನನ್ನನ್ನು ನೋಡಿದೆ, ನಾನು ನಿನ್ನನ್ನು ನೋಡಿದೆ, ಹಾಗಾಗಿ ನೀನು ಮೊದಲು ಹೋಗು. ಕಣ್ಣೇ ಕಾಣದವರು ಈ ಒಪ್ಪಂದಕ್ಕೆ ಸಹಿ ಹಾಕುವುದು ಹೇಗೆ? ಅವರು ರಸ್ತೆ ದಾಟುವ ವಿದ್ಯೆ ಬೇರೆಯೇ. ಅಂಚಿನ ಕಲ್ಲಿಗೆ ಕೋಲು ತಾಗಿದಾಗ ಫುಟ್‌ಪಾತ್ ಮುಗಿಯಿತೆಂದು ಗೊತ್ತಾಗುತ್ತದೆ. ಅಲ್ಲಿ ನಿಂತು, ಎದುರಿನ ಸದ್ದು ನಿಂತು ಪಕ್ಕದ ಸದ್ದು ಹೊರಟದ್ದನ್ನು ಕೇಳಿ ಹೆಜ್ಜೆ ಇಡುತ್ತಾರೆ. ಸಿಗ್ನಲ್ ಹೋದರೆ ಆ ನಿಶ್ಶಬ್ದ ಹೋಯಿತು. ಕಲ್ಲು ಹೋದರೆ ದಡವೇ ಹೋಯಿತು.

ಆದರೆ ಅದೇ ಕಲ್ಲು ಇನ್ನೊಬ್ಬರಿಗೆ ಗೋಡೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ಸೇರಿದ ಎಡ್ ರಾಬರ್ಟ್ಸ್‌ಗೆ ಪೋಲಿಯೊದಿಂದ ಕುತ್ತಿಗೆಯ ಕೆಳಗೆ ದೇಹ ಹೆಚ್ಚುಕಡಿಮೆ ಸ್ವಾಧೀನದಲ್ಲಿರಲಿಲ್ಲ. ಅವರೂ ಅವರಂತೆ ಗಾಲಿಕುರ್ಚಿಯಲ್ಲಿದ್ದ ಗೆಳೆಯರೂ ಸೇರಿ ನಗರಸಭೆಯನ್ನು ಬಿಡದೆ ಕಾಡಿದರು. 1971ರಲ್ಲಿ ಬರ್ಕ್ಲಿ ತನ್ನ ಬೀದಿಮೂಲೆಗಳ ಅಂಚನ್ನು ಇಳಿಜಾರಾಗಿ ಕತ್ತರಿಸಲು ಒಪ್ಪಿತು. ರಾತ್ರೋರಾತ್ರಿ ಸಿಮೆಂಟ್ ಮೂಟೆ ಹೊತ್ತು ಹೋಗಿ ತಾವೇ ಇಳಿಜಾರು ಮಾಡಿದರೆಂಬ ಕತೆಯೂ ಇದೆ. ಕತೆ ಚೆನ್ನಾಗಿದೆ. ಆದರೆ ಸಭೆಗಳಲ್ಲಿ ಕೂತು ಅರ್ಜಿಯ ಮೇಲೆ ಅರ್ಜಿ ಕೊಟ್ಟದ್ದೇ ಹೆಚ್ಚಿನ ಕೆಲಸ ಮಾಡಿತು. ಅಂಚು ಇಳಿಜಾರಾದದ್ದರಿಂದ ಮಗುವಿನ ತಳ್ಳುಗಾಡಿಗೂ ಸಾಮಾನು ತಳ್ಳುವವನಿಗೂ ಸುಖವಾಯಿತು. ಕೋಲು ಹಿಡಿದು ಬಂದ ಅಂಧರು ಮಾತ್ರ ತಿಳಿಯದೆ ರಸ್ತೆಯ ಮಧ್ಯಕ್ಕೆ ಹೋಗುವಂತಾಯಿತು.

ಈ ಜಗಳದಲ್ಲಿ ಖಳನಾಯಕರಿಲ್ಲ. ಇಬ್ಬರ ಬೇಡಿಕೆಯೂ ನ್ಯಾಯವೇ, ಜಾಗ ಮಾತ್ರ ಒಂದೇ. ‘ಸಮುದಾಯದ ಅಗತ್ಯ’ ಎಂದು ಯೋಜನಾ ವರದಿಗಳಲ್ಲಿ ಏಕವಚನದಲ್ಲಿ ಬರೆಯುವುದನ್ನು ನೋಡಿದಾಗಲೆಲ್ಲ ನನಗೆ ಈ ಕಲ್ಲು ನೆನಪಾಗುತ್ತದೆ. ಕೊನೆಗೆ ರಾಜಿಗೆ ಬಂದದ್ದು ಮಿಯಾಕೆಯವರ ಬಿಲ್ಲೆ: ಗಾಲಿಗೆ ಇಳಿಜಾರು, ಇಳಿಜಾರಿನ ಬಾಯಲ್ಲಿ ಕಾಲಿಗೆ ಉಬ್ಬು. ಉಬ್ಬಿನ ಮೇಲೆ ಗಾಲಿಕುರ್ಚಿ ಗಡಗಡ ಅಲುಗುತ್ತದೆ, ಬೆನ್ನುನೋವಿದ್ದವರಿಗೆ ಹಿಂಸೆ. ಆದರೂ ಇಬ್ಬರೂ ಸ್ವಲ್ಪ ಸ್ವಲ್ಪ ಸಹಿಸಿಕೊಂಡರು.

ಮೊಂಡರ್‌ಮನ್ ಅವರ ಅಂಗಳ ಸಮುದ್ರ ದಾಟಿ ಬ್ರಿಟನ್ನಿಗೆ ಬಂದಾಗ ಈ ಜಗಳ ಬಹಿರಂಗಕ್ಕೆ ಬಂತು. ಲಂಡನ್ನಿನಲ್ಲಿ ವಸ್ತುಸಂಗ್ರಹಾಲಯಗಳು ಸಾಲಾಗಿರುವ ಎಕ್ಸಿಬಿಷನ್ ರೋಡನ್ನು 2012ರ ಒಲಿಂಪಿಕ್ಸ್ ಹೊತ್ತಿಗೆ ಅಂಚಿಲ್ಲದ ಸಮತಟ್ಟು ಹಾಸಾಗಿ ಮಾಡಿದರು. ಅಂಧರಿಗೆ ನಾಯಿ ತರಬೇತು ಮಾಡಿಕೊಡುವ ‘ಗೈಡ್ ಡಾಗ್ಸ್’ ಸಂಸ್ಥೆ ಅದರ ವಿರುದ್ಧ ಕೋರ್ಟಿನ ಬಾಗಿಲು ತಟ್ಟಿತು. ಆ ನಾಯಿಗಳಿಗೂ ಅಂಚಿನ ಕಲ್ಲೇ ಪಾಠ: ಕಲ್ಲು ಬಂದಲ್ಲಿ ನಿಲ್ಲಬೇಕು. ಅಂಧ ಈಜುಗಾರ, ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದ ಲಾರ್ಡ್ ಕ್ರಿಸ್ ಹೋಮ್ಸ್ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಇಂಥ ಜಾಗಗಳನ್ನು ಬೇಕೆಂದೇ ತಪ್ಪಿಸಿಕೊಂಡು ಹೋಗುತ್ತೇವೆ ಎಂದಿದ್ದರು. ಅಪಘಾತದ ಅಂಕಿ ಇಳಿಯಿತು ಎಂದು ಸಂತೋಷಪಡುವಾಗ, ಯಾರು ಅಲ್ಲಿಗೆ ಬರುವುದನ್ನೇ ಬಿಟ್ಟರು ಎಂದೂ ಕೇಳಬೇಕಾಗುತ್ತದೆ. 2018ರಲ್ಲಿ ಸರ್ಕಾರ ಒಂದೇ ಮಟ್ಟದ ಇಂಥ ಹೊಸ ಯೋಜನೆಗಳನ್ನು ಸದ್ಯಕ್ಕೆ ನಿಲ್ಲಿಸುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಿತು.

ಈ ಗದ್ದಲದ ನಡುವೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಒಂದು ಸಣ್ಣ ಕೆಲಸ ನಡೆದಿತ್ತು, 2009ರಲ್ಲಿ. ‘ಗೈಡ್ ಡಾಗ್ಸ್’ ಸಂಸ್ಥೆಗಾಗಿ ಪ್ರಯೋಗಾಲಯದ ಒಳಗೆ ಫುಟ್‌ಪಾತ್ ಕಟ್ಟಿ, ಬೇರೆ ಬೇರೆ ಎತ್ತರದ ಅಂಚಿಟ್ಟು, ಕಣ್ಣು ಕಾಣದವರನ್ನೂ ಮಂದದೃಷ್ಟಿಯವರನ್ನೂ ಕರೆಸಿ ಅದರ ಮೇಲೆ ಹತ್ತಿಸಿ ಇಳಿಸಿ ನೋಡಿದರು. ಎಷ್ಟು ಎತ್ತರವಿದ್ದರೆ ಅಂಚು ಅಂಚೆಂದು ಖಚಿತವಾಗಿ ಗೊತ್ತಾಗುತ್ತದೆ ಎಂಬುದೇ ಪ್ರಶ್ನೆ. ಉತ್ತರ ಸಿಕ್ಕಿತು: 60 ಮಿಲಿಮೀಟರ್, ನಾಲ್ಕು ಬೆರಳಗಲಕ್ಕಿಂತ ತುಸು ಕಡಿಮೆ.