ಒಬ್ಬನು ಟಂಕಿಸಿದ ಎರಡು ಶಬ್ದಗಳು

ಹೊಸ ಶಬ್ದವನ್ನು ಟಂಕಿಸುವುದು ವಿದ್ವಾಂಸನ ಕೈಯಲ್ಲಿದೆ. ಅದಕ್ಕೆ ಆಯುಸ್ಸನ್ನು ಕೊಡುವುದು ಅವನ ಕೈಯಲ್ಲಿಲ್ಲ. ಒಬ್ಬನೇ ಸೃಷ್ಟಿಸಿದ ‘ಗ್ಯಾಸ್’, ‘ಬ್ಲಾಸ್’ ಎಂಬ ಎರಡು ಶಬ್ದಗಳ ಚರಿತ್ರೆ ಇದಕ್ಕೆ ನಿದರ್ಶನ.

ಬ್ರಸೆಲ್ಸಿನ ವೈದ್ಯ ವಾನ್ ಹೆಲ್ಮಾಂಟನು 62 ಪೌಂಡು ಇದ್ದಿಲನ್ನು ಸುಟ್ಟಾಗ ಉಳಿದ ಬೂದಿ 1 ಪೌಂಡು ಮಾತ್ರ. ಮಿಕ್ಕ 61 ಪೌಂಡು ಕಣ್ಣಿಗೆ ಕಾಣದ ವಸ್ತುವಾಗಿ ಹೊರಟುಹೋಯಿತೆಂದು ತರ್ಕಿಸಿ, ಗ್ರೀಕರ ‘ಖಾವೋಸ್’ ಶಬ್ದವನ್ನು ನೆನೆದು, ಅದನ್ನು ‘ಗ್ಯಾಸ್’ ಎಂದು ಕರೆದನು. ನಕ್ಷತ್ರಗಳಿಂದ ಹೊಮ್ಮುವ ಚಾಲಕಶಕ್ತಿಯೆಂದು ತಾನು ನಂಬಿದ್ದಕ್ಕೆ ‘ಬ್ಲಾಸ್’ ಎಂದು ಹೆಸರಿಟ್ಟನು. ಅವನು 1644ರಲ್ಲಿ ತೀರಿಕೊಂಡನು. ಅವನ ಬರೆಹಗಳನ್ನು 1648ರಲ್ಲಿ ಮಗನು ಗ್ರಂಥವಾಗಿ ಪ್ರಕಟಿಸಿದನು.

‘ಗ್ಯಾಸ್’ ಕೂಡ ಬೇಗ ಬೇರೂರಲಿಲ್ಲ. 1774ರಲ್ಲಿಯೂ ಇಂಗ್ಲೆಂಡಿನ ಪ್ರೀಸ್ಟ್ಲಿಯು ತನ್ನ ಗ್ರಂಥದ ಹೆಸರಿನಲ್ಲಿ ‘ಗಾಳಿಯ ಬಗೆಗಳು’ ಎಂಬರ್ಥದ ಮಾತನ್ನೇ ಬಳಸಿದನು. ಆದರೆ ಒಂದೊಂದು ಬಗೆಯನ್ನೂ ಬೇರ್ಪಡಿಸಿ ತೂಗತೊಡಗಿದ ಮೇಲೆ, ನಾವು ಉಸಿರಾಡುವ ಗಾಳಿಗೂ ಇವಕ್ಕೂ ಒಂದೇ ಹೆಸರು ಸಾಲದಾಯಿತು. ಫ್ರಾನ್ಸಿನ ಲವಾಸಿಯೇ ತನ್ನ 1789ರ ರಸಾಯನಗ್ರಂಥದಲ್ಲಿ ‘ಗ್ಯಾಸ್’ ಶಬ್ದವನ್ನೇ ಪರಿಭಾಷೆಯಾಗಿ ಬಳಸಿದನು. ‘ಬ್ಲಾಸ್’ ಸೂಚಿಸಿದ ಶಕ್ತಿಯಲ್ಲಿಯೇ ನಂಬಿಕೆ ತಪ್ಪಿದಾಗ ಆ ಶಬ್ದವೂ ಅಳಿಯಿತು.

ಕನ್ನಡ ಪಠ್ಯಪುಸ್ತಕಗಳು ಗ್ಯಾಸಿಗೆ ‘ಅನಿಲ’ವೆಂಬ ಸಂಸ್ಕೃತ ಶಬ್ದವನ್ನು ಆರಿಸಿಕೊಂಡುವು. ಅದರ ಮೂಲಾರ್ಥವೂ ಗಾಳಿಯೇ. ತರಗತಿಯಲ್ಲಿ ‘ಅನಿಲ’ವೆನ್ನುವ ವಿದ್ಯಾರ್ಥಿಯು ಮನೆಯಲ್ಲಿ ‘ಗ್ಯಾಸ್ ಮುಗಿಯಿತು’ ಎನ್ನುತ್ತಾನೆ. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಎರಡಕ್ಕೂ ಅದರದರ ಎಡೆಯುಂಟು. ಪರಿಭಾಷೆಯನ್ನು ರಚಿಸುವವರು ಶಬ್ದದ ವ್ಯುತ್ಪತ್ತಿಯನ್ನು ಮಾತ್ರವಲ್ಲದೆ, ಅದನ್ನು ನುಡಿಯಬೇಕಾದವರ ಅಗತ್ಯವನ್ನೂ ವಿಚಾರಿಸುವುದು ಯುಕ್ತ.