ಟೈರ್ ಮೇಲಿನ 'ಆರ್' ಕಥೆ

ಎಸ್‌ಯುವಿಗೆ ಹೊಸ ಟೈರ್ ಹಾಕಿಸೋ ಮುಂಚೆ ಹಳೇದರ ಪಕ್ಕ ಓದಿ: 205/65 ಆರ್16. 'ಆರ್' ಅಂದ್ರೆ ರೇಡಿಯಲ್. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ಪೇಟೆಂಟ್ ಮಾಡಿಸಿ, 1949ರಲ್ಲಿ ಮಾರುಕಟ್ಟೆಗೆ ತಂದ ವಿನ್ಯಾಸ. ಅದಕ್ಕೂ ಮುಂಚೆ ಟೈರೊಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ತಿದ್ದವು. ಇದರಲ್ಲಿ ಅಂಚಿಂದ ಅಂಚಿಗೆ ನೇರ, ಮೇಲೆ ಉಕ್ಕಿನ ಪಟ್ಟಿ. ಪಕ್ಕ ಮೆತ್ತಗೆ ಬಾಗುತ್ತೆ, ರಸ್ತೆ ಹಿಡಿಯೋ ಭಾಗ ಗಟ್ಟಿ.

205 ಮಿಲಿಮೀಟರ್ ಅಗಲ. ಪಕ್ಕದ ಎತ್ತರ ಅದರ ಶೇ 65. ರಿಮ್ ಮಾತ್ರ ಇನ್ನೂ ಇಂಚಿನಲ್ಲೇ, ವಿಚಿತ್ರ! 17ರ ರಿಮ್ಮಿಗೂ 205/65 ಅನ್ನೇ ಹಾಕಿದ್ರೆ ಚಕ್ರ 25 ಮಿ.ಮೀ. ದೊಡ್ಡದಾಗುತ್ತೆ, ಮೊದಲು 100ರಲ್ಲಿದ್ದ ಗಾಡಿ, ಮೀಟರ್ ಬದಲಾಗದೇನೇ ಸುಮಾರು 104ಕ್ಕೆ ಓಡುತ್ತೆ. 215/55 ಆರ್17 ಆದ್ರೆ ಚಕ್ರ ಹೆಚ್ಚುಕಮ್ಮಿ ಹಳೇ ಅಳತೆಯೇ. ಆದ್ರೆ ರಬ್ಬರ್ ಪಕ್ಕ 15 ಮಿ.ಮೀ. ಗಿಡ್ಡ, ಗುಂಡಿಗೆ ಬಿದ್ದಾಗ ಪೆಟ್ಟು ರಿಮ್ಮಿಗೆ. ನಾನಂತೂ 16ರಲ್ಲೇ ಇರ್ತೀನಿ.