ಬಿಸಿಲಿಲ್ಲದ ದಿನಗಳ ಮಳೆ ಲೆಕ್ಕ

ಸೌರಫಲಕ ಹೊತ್ತು ನಿಂತ ಮಳೆಮಾಪಕವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಗ್ರಾಮ ಪಂಚಾಯಿತಿಗಳಲ್ಲಿ ನೀವು ನೋಡಿರಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಾದ್ಯಂತ ಇಂಥ 6000ಕ್ಕೂ ಹೆಚ್ಚು ಮಾಪಕಗಳನ್ನು ಅಳವಡಿಸಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲೆಂದು ಹುಟ್ಟಿದ ಸಂಸ್ಥೆ ಇದು! ಹಿಂದೆ ಬೆಳಿಗ್ಗೆ 8.30ಕ್ಕೆ ಯಾರಾದರೂ ಗಾಜಿನ ಅಳತೆಪಾತ್ರೆಗೆ ನೀರು ಸುರಿದು ಲೆಕ್ಕ ಬರೆಯಬೇಕಿತ್ತು. ಈ ಮಾಪಕ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಕಳಿಸುತ್ತದೆ. ನೆರೆಯ ಮುನ್ನೆಚ್ಚರಿಕೆಗೆ ಆ 15 ನಿಮಿಷ ಬಹಳ ಮುಖ್ಯ.

ಆದರೆ ಕೊಲ್ಲೂರಿನ ಕಡೆ ಆಸಾಡಿ ಮಳೆ ಹಿಡಿದರೆ ದಿನಗಟ್ಟಲೆ ಬಿಸಿಲು ಕಾಣದು. ಕೆಲಸ ಹೆಚ್ಚಿದ್ದಾಗಲೇ ಉಪಕರಣಕ್ಕೆ ಊಟ ಕಡಿಮೆ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆ ಶಕ್ತಿ ಇರುತ್ತದೆ. ಉಪಕರಣ ಸದಾ 2 ವಾಟ್ ಬಳಸುತ್ತದೆ ಎಂದುಕೊಳ್ಳಿ. 42 ಗಂಟೆಗೆ ಬ್ಯಾಟರಿ ಬರಿದು. ನಡುವೆ ನಿದ್ರಿಸಿ ಸರಾಸರಿ 0.1 ವಾಟ್‌ಗೆ ಇಳಿಸಿದರೆ 35 ದಿನ ಬಾಳುತ್ತದೆ.

ಈ ನಿದ್ರೆಗೆ ಹೊಂದುವ ಸಾಧನ ಬಲು ಹಳೆಯದು. ತುಂಬಿದೊಡನೆ ಮಗುಚಿಕೊಳ್ಳುವ ಪುಟ್ಟ ಬಟ್ಟಲಿನ ಮಳೆಮಾಪಕವನ್ನು 1662ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ ರೂಪಿಸಿದ್ದನೆನ್ನುತ್ತಾರೆ. ಇಂದು ಬಟ್ಟಲು ಮಗುಚಿದಾಗ ಅದಕ್ಕಂಟಿದ ಅಯಸ್ಕಾಂತ ಸ್ವಿಚ್ಚೊಂದನ್ನು ಮುಚ್ಚುತ್ತದೆ. ಚಿಪ್ ಎಚ್ಚೆತ್ತು ಒಂದನ್ನು ಕೂಡಿ ಮತ್ತೆ ಮಲಗುತ್ತದೆ.

ಬ್ಯಾಟರಿಯೋ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಬ್ಯಾಟರಿಯೇ ಇಲ್ಲದಿದ್ದರೆ? ಅಮೆರಿಕದ ಸಿಯಾಟಲ್‌ನ ಇಂಟೆಲ್ ಪ್ರಯೋಗಾಲಯದಲ್ಲಿ 2000ರ ದಶಕದಲ್ಲಿ ತಯಾರಾದ 'ವಿಸ್ಪ್' ಎಂಬ ಕಿರುಸಾಧನ ರೇಡಿಯೊ ಅಲೆಗಳಿಂದಲೇ ಶಕ್ತಿ ಪಡೆದು ಕೆಪಾಸಿಟರಿನಲ್ಲಿ ಕೂಡಿಡುತ್ತಿತ್ತು. ಆ ಶಕ್ತಿ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ದೊಡ್ಡ ಲೆಕ್ಕವಾದರೆ ಪ್ರತಿಸಲವೂ ಮೊದಲಿನಿಂದ ಶುರು. 2011ರಲ್ಲಿ ಪ್ರಕಟವಾದ 'ಮೆಮೆಂಟೋಸ್' ತಂತ್ರಾಂಶ ವೋಲ್ಟೇಜ್ ಇಳಿಯುವುದನ್ನು ಗಮನಿಸಿ, ಲೆಕ್ಕ ಎಲ್ಲಿಗೆ ಬಂತೆಂಬುದನ್ನು ವಿದ್ಯುತ್ ಹೋದರೂ ಅಳಿಯದ ಸ್ಮೃತಿಯಲ್ಲಿ ಬರೆದಿಡುತ್ತದೆ.

ಇಲ್ಲಿಯೂ ಒಂದು ತೊಡಕಿದೆ. ಶಾಶ್ವತ ಸ್ಮೃತಿಯಲ್ಲಿ 41 ಇದೆ. ಚಿಪ್ ಒಂದು ಕೂಡಿ 42 ಬರೆಯಿತು; ಆಗಲೇ ವಿದ್ಯುತ್ ಹೋಯಿತು. ಮರಳಿ ಬಂದಾಗ ಅದು ಗುರುತಿಟ್ಟುಕೊಂಡಿದ್ದು ಕೂಡುವುದಕ್ಕಿಂತ ಹಿಂದಿನ ಹೆಜ್ಜೆ. ಈಗ 42ಕ್ಕೆ ಒಂದು ಕೂಡಿ 43 ಎನ್ನುತ್ತದೆ. ಮಗುಚಿದ್ದು ಒಮ್ಮೆ, ಎಣಿಕೆಯಾದದ್ದು ಎರಡು ಸಲ. 2015ರಲ್ಲಿ ಬ್ರ್ಯಾಂಡನ್ ಲೂಸಿಯಾ ಮತ್ತು ಬೆಂಜಮಿನ್ ರ‍್ಯಾನ್ಸ್‌ಫರ್ಡ್ ಇದಕ್ಕೆ ಪರಿಹಾರ ಸೂಚಿಸಿದರು: ಹೆಜ್ಜೆಯ ಗುರುತಿನ ಜೊತೆಗೇ ಹಳೆಯ ಬೆಲೆಯ ಪ್ರತಿಯನ್ನೂ ಇಡಬೇಕು, ವಿದ್ಯುತ್ ನಡುವೆ ಹೋದರೆ 41ರಿಂದಲೇ ಪುನಃ ಆರಂಭಿಸಬೇಕು.

ಆದರೂ ಚಿಪ್ ಸತ್ತಿರುವಾಗ ಬಟ್ಟಲು ಮಗುಚಿದರೆ ಆ ಎಣಿಕೆಯನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಆದುದರಿಂದ ಕರಾವಳಿಯ ಮಾಪಕಕ್ಕೆ ಬ್ಯಾಟರಿ ಬೇಕೇ ಬೇಕು.